ಬೆಚ್ಚನೆಯ ಬಚ್ಚಲು

ನವೆಂಬರ್ 14, ಮಂಗಳವಾರ

ಶಾಲೆಯ ಆಫೀಸಿನ ಕಪಾಟಿನಲ್ಲಿ ಅರ್ಧ ಖಾಲಿ ಇದ್ದ ಹಾಜರಿ ಪುಸ್ತಕವೊಂದು ಸಿಕ್ಕಿತು. ಮನೆಗೆ ತಂದೆ. ಇಪ್ಪತ್ತೆಂಟು ವರ್ಷ ಗುಮಾಸ್ತೆಯಾಗಿ ಜೀವ ತೇಯ್ದವಳಿಗೆ ಅಷ್ಟು ಹಕ್ಕಾದರೂ ಬೇಡವೇ. ಫೋನಿನಲ್ಲಿ ನಾನು ಸೇರಿರುವ 'ಬರಕತ್ತಿನ ಮನೆ' ಎಂಬ ಹೆಂಗಸರ ಗುಂಪಿನಲ್ಲಿ ಒಂದು ಉಪಾಯ ಹೇಳಿಕೊಟ್ಟಿದ್ದಾರೆ. ಖರ್ಚಾದದ್ದನ್ನು ಬರೆದರೆ ಹೊಟ್ಟೆ ಉರಿಯುತ್ತದೆ ಅಷ್ಟೆ, ಖರ್ಚು ಮಾಡದೆ ಬಿಟ್ಟದ್ದನ್ನು ಬರೆದಿಟ್ಟರೆ ಮನಸ್ಸು ಗಟ್ಟಿಯಾಗುತ್ತದಂತೆ. ನೋಡೋಣ.

ನನ್ನ ಮಗಳು ಶುರೂಕಳ ನಿಕಾಹ್ ಫೆಬ್ರವರಿಯಲ್ಲಿ. ಮಂಚ, ಸೋಫಾ ಹುಡುಗ ಹುಸಾಮನ ಕಡೆಯವರದು. ಅಡುಗೆಮನೆ ಪೂರ್ತಿ ನಮ್ಮದು. ಪಾತ್ರೆ, ಒಲೆ, ಬಟ್ಟೆ ಒಗೆಯುವ ಯಂತ್ರ ಎಲ್ಲ ಆಯಿತು. ಉಳಿದದ್ದು ಫ್ರಿಜ್ಜು. ಸಾಮಾನೆಲ್ಲ ತೆರೆದ ಲಾರಿಯಲ್ಲಿ ಹೋಗುತ್ತದೆ, ಬೀದಿಗೆ ಬೀದಿಯೇ ಬಾಲ್ಕನಿಗೆ ಬಂದು ನೋಡುತ್ತದೆ. ನನ್ನ ನಾದಿನಿಯ ಮಗಳದು ಎರಡು ಬಾಗಿಲಿನ ದೊಡ್ಡ ಫ್ರಿಜ್ಜು. ಒಬ್ಬಳೇ ಮಗಳು ನನ್ನವಳು. ಅದಕ್ಕಿಂತ ಚಿಕ್ಕದನ್ನು ಕೊಟ್ಟು ನಾನು ತಲೆತಗ್ಗಿಸಲಾರೆ.

ಅಂಥ ಫ್ರಿಜ್ಜು ಕಳೆದ ವಾರ ಇಪ್ಪತ್ತಾರು ಸಾವಿರ ಪೌಂಡು ಇದ್ದದ್ದು ಇಂದು ಇಪ್ಪತ್ತೊಂಬತ್ತು. "ನಾಳೆ ಬಂದ್ರೆ ನಾಳೆ ರೇಟು, ಹಾಜ್ಜಮ್ಮ," ಎಂದ ಅಂಗಡಿಯವ. ನಾನು ಮಕ್ಕಾ ನೋಡಿಲ್ಲ. ಐವತ್ತು ದಾಟಿದ ಹೆಂಗಸರಿಗೆ ನಮ್ಮ ಇಸ್ಕಂದರಿಯಾ ಊರಿನಲ್ಲಿ ಪುಕ್ಕಟೆ ಸಿಗುವುದು ಆ ಬಿರುದೊಂದೇ.

ಬರುವಾಗ ಸೀಬೆಹಣ್ಣಿನ ಪರಿಮಳಕ್ಕೆ ಸೋತು ಎರಡು ಕಿಲೋ ಕೊಂಡೆ. ಒಂದು ಕಿಲೋ ಕೆಳಗಿನ ಮನೆಯ ಉಮ್ ವಾಇಲ್‌ಗೆ ಕೊಟ್ಟೆ, ಪಾಪ, ಅವಳಿಗೆ ಇಷ್ಟ. ಮೊದಲ ದಿನವೇ ಬರೆಯಲು ಏನೂ ಉಳಿಯಲಿಲ್ಲ.

ನವೆಂಬರ್ 19, ಭಾನುವಾರ

ಸಮುದ್ರದ ಮೇಲಿನ ಚಳಿಗಾಲದ ಬಿರುಗಾಳಿಗಳಿಗೆ ನಮ್ಮ ಮೀನುಗಾರರು ಹೆಸರಿಟ್ಟು ದಿನವನ್ನೂ ಗೊತ್ತುಮಾಡಿದ್ದಾರೆ. ಮೊದಲನೆಯದು 'ಪೊರಕೆ'. ಸರಿಯಾಗಿ ಬಂದು ಬೀದಿಯನ್ನೆಲ್ಲ ಗುಡಿಸಿ ಹೋಯಿತು. ಬಚ್ಚಲಲ್ಲಿ ನಿಲ್ಲಲಾಗುವುದಿಲ್ಲ. ಗ್ಯಾಸ್ ಗೀಜರ್ ಕೂಡಿಸುವಾಗ ಕಂಪನಿಯವರು ಅದರ ಪಕ್ಕದ ಗೋಡೆಗೆ ತಟ್ಟೆಯಗಲದ ತೂತು ಕೊರೆದು ಹೋಗಿದ್ದಾರೆ. ಬಚ್ಚಲಿಗೆ ಬೇರೆ ಕಿಟಕಿ ಇಲ್ಲ. ಸಮುದ್ರದ ಗಾಳಿಯೆಲ್ಲ ಆ ತೂತಿನಿಂದ ನೇರವಾಗಿ ಒದ್ದೆ ಬೆನ್ನಿನ ಮೇಲೆ.

ನಮ್ಮ ಯಜಮಾನರು ರಗಬ್ ರಾತ್ರಿ ಪಾಳಿಯ ಟ್ರಾಮ್ ಓಡಿಸಿ ಬೆಳಗ್ಗೆ ಮನೆಗೆ ಬಂದು ಸ್ನಾನ ಮಾಡಿ ಹಲ್ಲು ಕಟಕಟಿಸುತ್ತಾ ಹೊರಬಂದರು. "ಶುರೂಕ್ ಅಮ್ಮ, ಒಂದು ಕರೆಂಟ್ ಹೀಟರ್ ತರೋಣ ಕಣೇ. ಸಾವಿರದ ನಾನೂರು ಅಷ್ಟೇ."

"ಅಷ್ಟೇನಾ? ಅಷ್ಟಕ್ಕೆ ಫ್ರಿಜ್ಜಿನ ಒಂದು ಬಾಗ್ಲು ಬರುತ್ತೆ."

"ಬಾಗ್ಲು ಒಂದೇ ಕೊಟ್ಟು ಕಳ್ಸು ಹಾಗಾದ್ರೆ," ಎಂದು ನಕ್ಕರು. ಶುರೂಕಳೂ ನಕ್ಕಳು. ನಾನೂ ನಕ್ಕೆ.

ಉಳಿದದ್ದು: ಸಾವಿರದ ನಾನೂರು.

ಡಿಸೆಂಬರ್ 5, ಮಂಗಳವಾರ

ಇಂದು ನನಗೇ ನನ್ನ ಮೇಲೆ ಹೆಮ್ಮೆ. ಹಳೆಯ ರಜಾಯಿ ಹರಿದು ಅದರ ಹತ್ತಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಗೋಡೆಯ ತೂತಿಗೆ ತುರುಕಿದೆ. ಅದರ ಮೇಲೆ ಶುರೂಕಳ ಮಿಕ್ಸಿ ಬಂದಿದ್ದ ರಟ್ಟು. ರಟ್ಟಿನ ಮೇಲೆ ಅಗಲವಾದ ಅಂಟುಪಟ್ಟಿ, ಮೂರು ಸುತ್ತು. ಎಲ್ಲ ಮನೆಯಲ್ಲಿ ಬಿದ್ದಿದ್ದ ಸಾಮಾನೇ. ಗೀಜರ್ ಹಚ್ಚಿದ ಐದು ನಿಮಿಷಕ್ಕೆ ಬಚ್ಚಲು ಹಬೆಸ್ನಾನದ ಹಮಾಮಿನಂತೆ ಬೆಚ್ಚಗಾಯಿತು.

ಫೋಟೋ ತೆಗೆದು ಗುಂಪಿಗೆ ಹಾಕಿದೆ: "ಒಂದು ಪೌಂಡೂ ಖರ್ಚಿಲ್ಲದ ಹೀಟರ್." ಇದುವರೆಗೆ ಟೀಸೊಪ್ಪು ಎರಡನೇ ಸಲ ಕುದಿಸುವುದು, ಬ್ರೆಡ್ಡಿನ ಚೂರು ಪುಡಿಮಾಡುವುದು ಎಂದು ಏನೇನೋ ಹಾಕಿದ್ದೆ. ನಲವತ್ತು, ಐವತ್ತು ಮಂದಿ ಹೃದಯ ಒತ್ತುತ್ತಿದ್ದರು. ಇದಕ್ಕೆ ಊಟದ ಹೊತ್ತಿಗೇ ಮೂರು ಸಾವಿರ.

ಡಿಸೆಂಬರ್ 8, ಶುಕ್ರವಾರ

ಹನ್ನೊಂದು ಸಾವಿರ. ಬೇರೆ ಗುಂಪುಗಳಿಗೂ ಹೋಗಿದೆಯಂತೆ. ಎಲ್ಲರಿಗೂ ನಾನು ಈಗ 'ಇಸ್ಕಂದರಿಯಾದ ಇನ್‌ಶಿರಾಹಮ್ಮ'. ದಮನ್ಹೂರಿನ ಬಸ್ಮಾ ಎಂಬ ಹುಡುಗಿ ನನ್ನ ನಂಬರು ಕೇಳಿ ತೆಗೆದುಕೊಂಡು ವಾಟ್ಸಾಪಿನಲ್ಲಿ ಬರೆದಿದ್ದಾಳೆ. ಮದುವೆಯಾಗಿ ಎರಡು ತಿಂಗಳು. "ಚಿಕ್ಕಮ್ಮಾ, ನಮ್ಮ ಬಚ್ಚಲೂ ಹಿಂಗೇ ಮಂಜುಗಡ್ಡೆ. ಈ ವಾರ ನಮ್ಮೆಜಮಾನ್ರ ಕೈಲಿ ಮಾಡಿಸ್ತೀನಿ. ನಿಮ್ಮ ಕೈಗೆ ದೇವ್ರು ಆಯಸ್ಸು ಕೊಡ್ಲಿ." ಮಾಡಿಸು ಮಗಳೇ, ಅಂಟುಪಟ್ಟಿ ಮೂರು ಸುತ್ತು ಹಾಕಿಸು, ಎರಡಾದರೆ ಗಾಳಿ ನುಸುಳುತ್ತದೆ ಎಂದು ಬರೆದೆ.

"ಮೂವತ್ತು ವರ್ಷ ಟ್ರಾಮ್ ಓಡಿಸ್ದೆ, ನನಗೆ ಯಾರೂ ಒಂದು ಹೃದಯ ಒತ್ತಲಿಲ್ವಲ್ಲೇ," ಎಂದರು ರಗಬ್.

ಯಾರೋ ಗಂಡಸು ಬಂದು ಫೋಟೋದ ಕೆಳಗೆ ಬರೆದಿದ್ದ, ಗಾಳಿಯ ದಾರಿ ಮುಚ್ಚಬಾರದು, ಅಪಾಯ ಎಂದು. ಹೆಂಗಸರ ಗುಂಪಿಗೆ ಗಂಡಸು ಹೇಗೆ ನುಗ್ಗಿದ? ನಾವು ನಾಲ್ಕು ಕಾಸು ಉಳಿಸಿದರೆ ಇವರಿಗೆ ಕಣ್ಣುರಿ. ಗುಂಪು ನಡೆಸುವವರಿಗೆ ಹೇಳಿ ಅವನ ಮಾತನ್ನು ಅಳಿಸಿಹಾಕಿಸಿದೆ.

ಡಿಸೆಂಬರ್ 21, ಗುರುವಾರ

ಹೊಸ ನಿಯಮ: ಸ್ನಾನ ಮೂರು ನಿಮಿಷ. ಬಾಗಿಲ ಹೊರಗೆ ಅಡುಗೆಮನೆಯ ಗಡಿಯಾರ ಇಟ್ಟಿದ್ದೇನೆ. ಬಾರಿಸಿದ ಕೂಡಲೇ ನೀರು ನಿಲ್ಲಬೇಕು. ನಾನು ಗೀಜರನ್ನೇ ಮುಟ್ಟುವುದಿಲ್ಲ, ತಣ್ಣೀರಿನ ಒಂದು ಬಕೆಟ್ಟು ನನಗೆ ಸಾಕು. ಗುಂಪಿನಲ್ಲಿ ಇದಕ್ಕೂ ಒಳ್ಳೆಯ ಮೆಚ್ಚುಗೆ.

ಶುರೂಕಳದು ಒಂದೇ ರಾಗ. "ಅಮ್ಮಾ, ಸ್ನಾನ ಮಾಡಿ ಬಂದ್ರೆ ತಲೆ ಸಿಡಿಯುತ್ತೆ. ವಾಂತಿ ಬರೋ ಹಾಗಾಗುತ್ತೆ."

"ಮೂರು ಹೊತ್ತೂ ಹುಸಾಮನ ಜೊತೆ ಫೋನಲ್ಲಿ ಮಾತಾಡು, ಇನ್ನೂ ಸಿಡಿಯುತ್ತೆ."

"ಕೆಲಸಕ್ಕೆ ಹೋಗಿ ಅಂಗಡೀಲಿರುವಾಗ ನೋಯಲ್ಲ. ಮನೇಲೇ ನೋಯೋದು."

"ಹಾಗಾದ್ರೆ ಮನೆಕೆಲಸ ತಪ್ಪಿಸಿಕೊಳ್ಳೋ ತಲೆನೋವು ಅದು."

ಅವಳು ಹೋಗಿ ಮಲಗಿದಳು. ಉಮ್ ವಾಇಲ್ ಬಂದು ನೋಡಿ, ಮದುವೆ ಹೆಣ್ಣು, ಯಾರದೋ ದೃಷ್ಟಿ ಎಂದು ತನ್ನ ಮನೆಯಿಂದಲೇ ಧೂಪ ತಂದು ಹಾಕಿದಳು. ಅದಕ್ಕೂ ನಮ್ಮ ಕೈಯಿಂದ ಖರ್ಚಿಲ್ಲ.

ಜನವರಿ 3, ಬುಧವಾರ

ಸಕ್ಕರೆ ಎಲ್ಲೂ ಸಿಗುತ್ತಿಲ್ಲ. ಉಮ್ ವಾಇಲ್ ಒಂದು ಲೋಟ ಕೇಳಲು ಬಂದಿದ್ದಳು, ಮೊಮ್ಮಕ್ಕಳು ಬಂದಿದ್ದಾರಂತೆ. ಇಲ್ಲ ಎಂದೆ. ಮಂಚದ ಕೆಳಗೆ ನಾಲ್ಕು ಕಿಲೋ ಇದೆ, ಆದರೆ ಕೊಟ್ಟರೆ ಮತ್ತೆ ಕೊಳ್ಳಬೇಕು, ಆ ದುಡ್ಡು ಫ್ರಿಜ್ಜಿನದು.

ಉಳಿದದ್ದು: ಒಂದು ಲೋಟ.

ಜನವರಿ 13, ಶನಿವಾರ

ಗೀಜರಿನ ಬೆಂಕಿ ಬಣ್ಣ ಬದಲಾಯಿಸಿದೆ, ನೀಲಿ ಹೋಗಿ ಹಳದಿ ಉರಿಯುತ್ತಿದೆ ಎಂದು ರಗಬ್ ಯಾರನ್ನೋ ರಿಪೇರಿಗೆ ಕರೆದಿದ್ದರು. ನನ್ನನ್ನು ಕೇಳದೆ. ಅವನು ಬಾಗಿಲಲ್ಲೇ ನಿಂತು, "ನೋಡೋದಕ್ಕೆ ನೂರೈವತ್ತು. ಹೊಗೆ ಕೊಳವೆ ಹಾಕ್ಬೇಕಾದ್ರೆ ಅದು ಬೇರೆ," ಎಂದ.

"ಬರೀ ನೋಡೋದಕ್ಕಾ? ನಿನ್ನ ಕಣ್ಣೇನು ಬಂಗಾರದ್ದೇನಪ್ಪ?"

"ಹಾಜ್ಜಮ್ಮ, ನಾಲ್ಕು ಮಾಳಿಗೆ ಹತ್ತಿ ಬಂದಿದೀನಿ."

"ಇಳಿಯೋದು ಸುಲಭ."

ಅವನು ಸಿಟ್ಟು ಮಾಡಿಕೊಳ್ಳಲಿಲ್ಲ. ಒಂದು ಮಾಳಿಗೆ ಇಳಿದವನು ನಿಂತು ತಲೆ ಎತ್ತಿ ನೋಡಿದ. "ದುಡ್ಡು ಬೇಡ ಬಿಡಿ, ಒಂದು ಮಾತು ಕೇಳಿ. ಹಳದಿ ಉರೀತಿದ್ರೆ ಕಿಟಕಿ ತೆಗ್ದಿಟ್ಟೇ ಸ್ನಾನ ಮಾಡಿ," ಎಂದು ಹೇಳಿ ಹೋದ.

ಕಿಟಕಿ ಎಲ್ಲಿದೆ? ತೂತು ಇತ್ತು, ಅದನ್ನು ಮುಚ್ಚಿದ್ದೇನೆ. ಗೀಜರಿನ ಮೇಲಿನ ಗೋಡೆಗೆ ಕಪ್ಪು ಹಿಡಿದಿತ್ತು. ವಿನೆಗರಿನಲ್ಲಿ ಒರೆಸಿದರೆ ಹೋಗುತ್ತದೆ. ಅದರ ಫೋಟೋವನ್ನೂ ಹಾಕಿದೆ, ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು. ಎರಡು ಸಾವಿರ.

ಉಳಿದದ್ದು: ನೂರೈವತ್ತು.

ಜನವರಿ 22, ಸೋಮವಾರ

ರಗಬ್ ಬಚ್ಚಲಿನಿಂದ ಬಂದವರು ನಡುಮನೆಯಲ್ಲಿ ಕುಸಿದು ಕೂತರು. ಮುಖ ಕೆಂಪಾಗಿತ್ತು. ಬಾಲ್ಕನಿಯಲ್ಲಿ ಸ್ವಲ್ಪ ಹೊತ್ತು ಕೂರಿಸಿದ ಮೇಲೆ ಸರಿಹೋದರು. ರಕ್ತದೊತ್ತಡ ಇರಬೇಕು. ಇನ್ನು ಮೇಲೆ ಟ್ರಾಮ್ ಡಿಪೋದಲ್ಲೇ ಸ್ನಾನ ಮಾಡಿ ಬರುತ್ತಾರಂತೆ.

"ಆ ಬಚ್ಚಲು ನಂಗಾಗಲ್ಲ ಕಣೇ. ಒಳಗೆ ಉಸಿರು ಕಟ್ಟುತ್ತೆ."

"ಬೆಚ್ಚಗಿರೋದು ನಿಮ್ಗೆ ಅಭ್ಯಾಸ ಇಲ್ಲ."

ಒಬ್ಬರ ಗ್ಯಾಸು ಪೂರ್ತಿ ಉಳಿಯಿತು.

ಜನವರಿ 29, ಸೋಮವಾರ

ಫ್ರಿಜ್ಜು ಬಂತು. ಎರಡು ಬಾಗಿಲು, ಬೆಳ್ಳಿ ಬಣ್ಣ. ನಲವತ್ತು ಸಾವಿರಕ್ಕೆ ಏರಿತ್ತು. ನನ್ನ ಬಳೆಗಳನ್ನೂ ಕೊಟ್ಟೆ. ನಾಲ್ಕು ಜನ ಬೆನ್ನ ಮೇಲೆ ಹೊತ್ತು ತಂದು ನಡುಮನೆಯಲ್ಲಿ ನಿಲ್ಲಿಸಿದರು. ರಟ್ಟನ್ನು ಬಿಚ್ಚಿಲ್ಲ, ಗೀರು ಬೀಳಬಾರದು. ಈಗ ಅಡುಗೆಮನೆಗೆ ಹೋಗಬೇಕಾದರೆ ಅಡ್ಡಡ್ಡ ನಡೆಯಬೇಕು.

ಶುರೂಕ್ ನನ್ನನ್ನು ತಬ್ಬಿಕೊಂಡು ಅತ್ತಳು. ತುಂಬ ಇಳಿದುಹೋಗಿದ್ದಾಳೆ, ಬೆನ್ನಿನ ಮೂಳೆ ಕೈಗೆ ಸಿಕ್ಕಿತು. "ಅಮ್ಮಾ, ಬಂತಲ್ಲ. ಇನ್ನಾದ್ರೂ ಆ ಪುಸ್ತಕ ಮುಚ್ಚು. ಮೊದ್ಲಿನ ಹಾಗೆ ಇರೋಣ."

ಮೊದಲಿನ ಹಾಗೆ ಎಂದರೇನೋ ನನಗೆ ಅರ್ಥವಾಗಲಿಲ್ಲ. ನಾನು ಇದ್ದ ಹಾಗೇ ಇದ್ದೇನೆ. ಮುಚ್ಚುತ್ತೇನೆ ಎಂದೆ. ಮೈಕ್ರೋವೇವ್ ಒಂದು ಆಗಿಬಿಡಲಿ.

ಫೆಬ್ರವರಿ 8, ಗುರುವಾರ

ಗುಂಪಿನಲ್ಲಿ ಇಂದು ಎಲ್ಲರೂ ಅಳುತ್ತಿದ್ದಾರೆ. ಯಾವುದೋ ಊರಲ್ಲಿ ಹೊಸದಾಗಿ ಮದುವೆಯಾದ ಗಂಡ ಹೆಂಡತಿ, ಹನ್ನೊಂದು ದಿನವಾಗಿತ್ತಂತೆ, ಬಚ್ಚಲಲ್ಲಿ ಸತ್ತು ಸಿಕ್ಕಿದರು. ಮೈಮೇಲೆ ಗಾಯವಿಲ್ಲ. ದೃಷ್ಟಿ ಎಂದರು ಹಲವರು. ಗ್ಯಾಸ್ ಎಂದರು ಕೆಲವರು.

ಬಸ್ಮಾ ಅಲ್ಲ ತಾನೇ ಎಂದು ನೋಡಿದೆ. ಅಲ್ಲ. ಅವಳು ಬೆಳಗ್ಗೆ ತಾನೇ ತನ್ನ ಬಚ್ಚಲಿನ ಫೋಟೋ ಕಳಿಸಿದ್ದಾಳೆ. ನೀಲಿ ಹೆಂಚು, ಗೂಟದಲ್ಲಿ ಕೆಂಪು ಟವೆಲ್ಲು, ಮೇಲೆ ನನ್ನದೇ ರಟ್ಟು, ನನ್ನದೇ ಅಂಟುಪಟ್ಟಿ. ಅವಳು ಯಾಕೆ ನೆನಪಾದಳೋ ಗೊತ್ತಿಲ್ಲ.

ಗ್ಯಾಸ್ ಸೋರಿದರೆ ವಾಸನೆ ಬರುತ್ತದೆ. ನಮ್ಮಲ್ಲಿ ಯಾವ ವಾಸನೆಯೂ ಇಲ್ಲ. ಎರಡು ಸಲ ಹೋಗಿ ಮೂಸಿ ನೋಡಿ ಬಂದೆ.

ಫೆಬ್ರವರಿ 16, ಶುಕ್ರವಾರ

ಇಂದು ನಿಕಾಹ್. ನಾಲ್ಕು ಗಂಟೆಗೆ ಹುಸಾಮನ ಕಡೆಯವರು ಬರುತ್ತಾರೆ. ಮಂಚದ ಕೆಳಗಿನ ಸಕ್ಕರೆ ತೆಗೆದು ಶರಬತ್ತು ಮಾಡಿಟ್ಟಿದ್ದೇನೆ. ಅರ್ಧ ಚೊಂಬು ಉಮ್ ವಾಇಲ್‌ಗೂ ಕಳಿಸಿದೆ. ರಗಬ್ ಹೊಸ ಅಂಗಿ ತೊಟ್ಟು ಕನ್ನಡಿ ಬಿಟ್ಟು ಕದಲುತ್ತಿಲ್ಲ.

ಶುರೂಕ್ ಬಟ್ಟೆ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. "ಅಮ್ಮಾ, ಇವತ್ತೊಂದಿನ."

ಗಡಿಯಾರವನ್ನು ಅವಳ ಕಣ್ಣೆದುರಿಗೇ ಅಡುಗೆಮನೆಯ ಗೂಡಿಗೆ ಇಟ್ಟೆ. "ಇವತ್ತು ನೀನು ಮದುವೆ ಹೆಣ್ಣು. ಎಷ್ಟು ಬೇಕೋ ಅಷ್ಟು ಬಿಸಿನೀರು ಹಾಕ್ಕೋ. ನಾನು ಬಾಗ್ಲು ತಟ್ಟಲ್ಲ, ಬೈಯಲ್ಲ."

"ಆಣೆ?"

"ಆಣೆ."

ನಕ್ಕು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಹಾಡುತ್ತಿದ್ದಾಳೆ. ಎಷ್ಟು ದಿನವಾಯಿತು ಇವಳು ಹಾಡಿ. ಫ್ರಿಜ್ಜಿನ ರಟ್ಟಿಗೆ ಒರಗಿ ಕೂತು ಇದನ್ನು ಬರೆಯುತ್ತಿದ್ದೇನೆ. ನಾನು ಕೆಟ್ಟ ತಾಯಿಯಲ್ಲ.

ಇಪ್ಪತ್ತು ನಿಮಿಷವಾಯಿತು. ಬಾಗಿಲ ಸಂದಿಯಿಂದ ಹಬೆ ಬರುತ್ತಿದೆ. ಹಾಡು ನಿಂತಿದೆ, ತಲೆಗೆ ಸೋಪು ಹಚ್ಚುತ್ತಿರಬೇಕು.

ಅರ್ಧ ಗಂಟೆ. ನೀರು ಒಂದೇ ಸಮನೆ ಬೀಳುತ್ತಿದೆ. ಈ ತಿಂಗಳ ಬಿಲ್ಲು ಏನಾಗುತ್ತದೋ. ಇರಲಿ, ಆಣೆ ಮಾಡಿದ್ದೇನೆ.

ಮೂವತ್ತೈದು ನಿಮಿಷ. ನೀರು ಮೈಮೇಲೆ ಬಿದ್ದರೆ ಒಂದು ಸದ್ದು, ನೆಲಕ್ಕೆ ಬಿದ್ದರೆ ಒಂದು ಸದ್ದು. ಇದು ನೆಲದ ಸದ್ದು. ಸುಮ್ಮನೆ ನೀರು ಬಿಟ್ಟುಕೊಂಡು ಏನು ಮಾಡುತ್ತಿದ್ದಾಳೆ. ಆಣೆ ಹಾಳಾಗಲಿ, ಹೋಗಿ ತಟ್ಟುತ್ತೇನೆ.

ಫೆಬ್ರವರಿ 20, ಮಂಗಳವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೇನೆ. ಪುಸ್ತಕ ಚೀಲದಲ್ಲೇ ಇತ್ತು.

ರಗಬ್ ಹೆಗಲು ಕೊಟ್ಟು ಬಾಗಿಲು ಒಡೆದರು. ಗೋಡೆಗೆ ಒರಗಿ ಕೂತಿದ್ದಳು, ಕೆನ್ನೆ ಗುಲಾಬಿಯ ಹಾಗೆ ಕೆಂಪಗೆ, ಕಣ್ಣು ಅರ್ಧ ತೆರೆದು. ಎಷ್ಟು ಚೆನ್ನಾಗಿ ಕಾಣುತ್ತಿದ್ದಾಳೆ ಎಂದೇ ನನಗೆ ಮೊದಲು ಅನ್ನಿಸಿದ್ದು. ಅದನ್ನು ನಾನು ಯಾರಿಗೂ ಹೇಳಿಲ್ಲ. ರಗಬ್ ಅವಳನ್ನು ಹೊರಗೆಳೆದು ಹಾಕಿ, ಮತ್ತೆ ಒಳಗೆ ಹೋಗಿ, ಉಗುರಿನಿಂದ ಆ ಅಂಟುಪಟ್ಟಿ ಕಿತ್ತು ರಟ್ಟು, ಹತ್ತಿ ಎಲ್ಲ ಹೊರಗೆಸೆದರು. ಸಮುದ್ರದ ಗಾಳಿ ಶಿಳ್ಳೆ ಹಾಕುತ್ತಾ ಒಳಗೆ ಬಂತು. ಅಂದಿನಿಂದ ಅವರು ನನ್ನೊಡನೆ ಮಾತಾಡಿಲ್ಲ.

"ಗಾಳಿ ಹೋಗೋ ದಾರಿ ಮುಚ್ಚಿದ್ದು ಯಾರು?" ಎಂದು ಡಾಕ್ಟರು ಕೇಳಿದರು. ಗಾಳಿ ಸಾಲದೆ ಗೀಜರ್ ಉರಿದರೆ ವಿಷದ ಗಾಳಿ ಹುಟ್ಟುತ್ತದಂತೆ, ಅದಕ್ಕೆ ವಾಸನೆ ಇರುವುದಿಲ್ಲವಂತೆ. ಬಣ್ಣವೂ ಇರುವುದಿಲ್ಲವಂತೆ. ಮೂರು ನಿಮಿಷದ ಸ್ನಾನವಾದ್ದರಿಂದ ಇಷ್ಟು ದಿನ ತಲೆನೋವಿನಲ್ಲೇ ಹೋಯಿತಂತೆ.

"ನಾನು," ಎಂದೆ.

ನಿನ್ನೆ ಶುರೂಕ್ ಕಣ್ಣು ಬಿಟ್ಟಳು. ಬದುಕಿದ್ದಾಳೆ. ಹುಸಾಮ ಅವಳ ಕೈ ಹಿಡಿದು ಕೂತೇ ಇದ್ದಾನೆ. ನನ್ನನ್ನು ಕಂಡು, "ಅಮ್ಮಾ, ಇವತ್ತು ಶುಕ್ರವಾರಾನಾ?" ಎಂದಳು. ಇಲ್ಲ ಮಗಳೇ, ಸೋಮವಾರ ಎಂದೆ. ಹೌದಾ ಎಂದಳು. ಸ್ವಲ್ಪ ಹೊತ್ತಿಗೆ, "ಅಮ್ಮಾ, ಇವತ್ತು ಶುಕ್ರವಾರಾನಾ?" ಇಂದು ಬೆಳಗ್ಗೆಯಿಂದ ಒಂಬತ್ತು ಸಲ ಕೇಳಿದ್ದಾಳೆ. ಸರಿಹೋಗಬಹುದು, ಹೋಗದೆಯೂ ಇರಬಹುದು ಎನ್ನುತ್ತಾರೆ.

ಫೆಬ್ರವರಿ 21, ಬುಧವಾರ

ಐದು ದಿನದ ಮೇಲೆ ಫೋನ್ ತೆರೆದೆ. ನನ್ನ ಫೋಟೋವನ್ನು ಅಳಿಸಿದೆ. ಅಳಿಸಿದರೆ ಹೋಯಿತು ಎಂದುಕೊಂಡಿದ್ದೆ. ಹುಡುಕಿದರೆ ಬೇರೆ ಬೇರೆ ಗುಂಪಿನಲ್ಲಿ, ಬೇರೆ ಬೇರೆ ಹೆಂಗಸರ ಹೆಸರಿನಲ್ಲಿ ಅದೇ ಗೋಡೆ, ಅದೇ ರಟ್ಟು, ಮಿಕ್ಸಿಯ ಚಿತ್ರವೂ ಅದೇ. ಒಂದರಲ್ಲಿ ನಲವತ್ತಮೂರು ಸಾವಿರ ಹೃದಯ. ಕಂಡ ಕಂಡಲ್ಲೆಲ್ಲ ಕೆಳಗೆ ಬರೆದೆ: "ಇದನ್ನು ಮಾಡಬೇಡಿ. ಮಾಡಿದ್ದರೆ ಈಗಲೇ ಕಿತ್ತುಹಾಕಿ. ನನ್ನ ಮಗಳು ಆಸ್ಪತ್ರೆಯಲ್ಲಿದ್ದಾಳೆ." ಒಬ್ಬಳು, "ಹೊಟ್ಟೆಕಿಚ್ಚಿನವಳು," ಎಂದು ಉತ್ತರಿಸಿದಳು. ಎರಡು ಕಡೆ ನನ್ನ ಮಾತನ್ನು ಅಳಿಸಿಹಾಕಿದ್ದಾರೆ. ಆ ಗಂಡಸು ನೆನಪಾದ. ಅವನ ಹೆಸರನ್ನೂ ನಾನು ನೋಡಿರಲಿಲ್ಲ.

ಬಸ್ಮಾಳ ಸಂದೇಶವೊಂದು ಶನಿವಾರದಿಂದ ಕಾದಿತ್ತು. "ಚಿಕ್ಕಮ್ಮಾ, ಸಿಹಿ ಸುದ್ದಿ, ಎರಡು ತಿಂಗಳು ನಂಗೆ. ಯಾಕೋ ತಲೆ ಸುತ್ತು, ವಾಂತಿ. ಬಿಸಿನೀರಲ್ಲಿ ಚೆನ್ನಾಗಿ ನೆನೆದ್ರೆ ಹೋಗುತ್ತೆ ಅಂತಾರೆ ಅತ್ತೆ. ಬಚ್ಚಲು ಬೆಚ್ಚಗಿದೆ, ಎಲ್ಲಾ ನಿಮ್ಮ ದಯೆ."

"ಆ ರಟ್ಟು ತೆಗಿ ಮಗಳೇ. ಓದಿದ ಕೂಡಲೇ ತೆಗಿ. ತೆಗೆಯೋವರೆಗೂ ಒಳಗೆ ಹೋಗಬೇಡ," ಎಂದು ಬರೆದೆ. ಸಂದೇಶದ ಪಕ್ಕ ಒಂದೇ ಟಿಕ್ ಗೆರೆ ಬಿತ್ತು. ತಲುಪಿದ್ದರೆ ಎರಡು ಗೆರೆ ಬೀಳಬೇಕು. ಕರೆ ಮಾಡಿದೆ, ಸ್ವಿಚ್ ಆಫ್. ಹತ್ತು ಸಲ ಮಾಡಿದೆ.

ಗೋಡೆಯ ಕಡೆಗೆ ಮುಖ ಮಾಡಿ ಕೂತಿದ್ದ ರಗಬ್ ತಿರುಗಿದರು. ಫೋನನ್ನು ಅವರ ಕೈಗೆ ಕೊಟ್ಟೆ. ಪೂರ್ತಿ ಓದಿದರು.

"ಮನೆ ಗೊತ್ತಾ?"

"ಇಲ್ಲ. ದಮನ್ಹೂರು ಅಂತ ಗೊತ್ತು. ಬಸ್ಮಾ ಅಂತ ಗೊತ್ತು. ನೀಲಿ ಹೆಂಚು."

"ಹೋಗು," ಎಂದರು. "ಇವಳ ಹತ್ರ ನಾನಿರ್ತೀನಿ. ಮನೆ ಮನೆ ಬಾಗ್ಲು ತಟ್ಟು."

ಸ್ಟೇಷನ್ನಿನಲ್ಲಿ ಟಿಕೆಟ್ ಕಿಟಕಿಯವನು ಕೊಟ್ಟ ಚಿಲ್ಲರೆಯನ್ನು ಎಣಿಸದೆ ಚೀಲಕ್ಕೆ ಹಾಕಿಕೊಂಡೆ. ರೈಲು ಹೊರಟು ಹತ್ತು ನಿಮಿಷವಾಯಿತು. ದಮನ್ಹೂರು ಇನ್ನೂ ಒಂದು ಗಂಟೆಯ ದಾರಿ. ಮಧ್ಯಾಹ್ನ ಮೂರಾಗುತ್ತಿದೆ, ಚಳಿಗೆ ಜನ ಸ್ನಾನ ಮಾಡುವ ಹೊತ್ತು. ಫೋನನ್ನು ಪುಸ್ತಕದ ಮೇಲೆಯೇ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಒಂದೇ ಗೆರೆ ಇದೆ.